ಕ್ಯಾಥೋಡಿನ ಬಾಗಿಲಲ್ಲಿ

ಕೇಳುಗರಿಗೆ ನಮಸ್ಕಾರ.

ನಮ್ಮ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈಗ ಒಎಲ್‌ಇಡಿ, ಅಂದರೆ ಸಾವಯವ ವಸ್ತುವಿನಿಂದ ಬೆಳಕು ಕೊಡುವ ಎಲ್‌ಇಡಿ, ಅನ್ನುವ ಮಾತು ಸಲೀಸು. ಫೋನಿನ ಪರದೆಗಳಲ್ಲಿರುವುದು ನಿರ್ವಾತದಲ್ಲಿ ಆವಿ ಮಾಡಿ ಕೂರಿಸಿದ ಸಣ್ಣ ಅಣುಗಳು. ನಾನು ಹೇಳಹೊರಟಿರುವುದು ಅದರ ದಾಯಾದಿ ಪಾಲಿಮರ್ ಎಲ್‌ಇಡಿಯ ವಿಷಯ. ಇದರ ಪ್ಲಾಸ್ಟಿಕ್ಕನ್ನು ದ್ರಾವಣ ಮಾಡಿಕೊಂಡು ಬಳಿಯಬಹುದು, ಮುದ್ರಿಸಲೂಬಹುದು.

1990ರಲ್ಲಿ ಕೇಂಬ್ರಿಡ್ಜ್‌ನ ಬರೋಸ್, ಬ್ರ್ಯಾಡ್ಲಿ, ಫ್ರೆಂಡ್ ಮತ್ತು ಸಂಗಡಿಗರು ಪಿಪಿವಿ ಎಂಬ ಪಾಲಿಮರ್‌ಗೆ ಕರೆಂಟು ಕೊಟ್ಟು ಹಳದಿ-ಹಸಿರು ಬೆಳಕು ತಂದರು. ದಕ್ಷತೆ ಶೇಕಡಾ 0.05. ಅಂದರೆ ಹತ್ತು ಸಾವಿರ ಎಲೆಕ್ಟ್ರಾನ್‌ಗಳಿಗೆ ಐದೇ ಬೆಳಕಿನ ಕಣ. ಉಳಿದದ್ದೆಲ್ಲ ಏನಾಯಿತು?

ಸುಮಾರು 100 ನ್ಯಾನೋಮೀಟರ್ ದಪ್ಪದ ಪದರದೊಳಗೆ ಒಂದು ಕಡೆಯಿಂದ ಎಲೆಕ್ಟ್ರಾನ್, ಇನ್ನೊಂದು ಕಡೆಯಿಂದ ಧನಾತ್ಮಕ ರಂಧ್ರ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಬಂದು ಕೂಡಬೇಕು. ಬೆಳಕು ಹುಟ್ಟುವುದು ಆಗ. ರಂಧ್ರಗಳು ಸುಲಭವಾಗಿ ಬರುತ್ತವೆ. ತೊಡಕಿರುವುದು ಎಲೆಕ್ಟ್ರಾನ್ ಕೊಡುವ ಲೋಹದ ಪದರ, ಅಂದರೆ ಕ್ಯಾಥೋಡಿನ ಕಡೆ. ಇಲ್ಲಿ ಅದು ಅಲ್ಯೂಮಿನಿಯಂ. ಅದರಿಂದ ಎಲೆಕ್ಟ್ರಾನ್ ಹೊರಡಬೇಕಾದರೆ 4.3 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಒಂದು ಪುಟ್ಟ ಅಳತೆ) ಬೇಕು. ಪಿಪಿವಿಯಲ್ಲಿ ಅದಕ್ಕೆ ಜಾಗವಿರುವ ಮಟ್ಟದಿಂದ ಹೊರಡಲು ಸುಮಾರು 2.8 ಸಾಕು, ಅಂದರೆ ಆ ಮಟ್ಟ ಮೇಲಿದೆ. ನಡುವಿನ ಏರು 1.5. ಕೋಣೆಯ ಶಾಖದಿಂದ ಸಿಗುವ ಶಕ್ತಿಯೋ ಬರೀ 0.025! ಮೆಟ್ಟಿಲಿಲ್ಲದ ಎತ್ತರದ ಜಗಲಿ ಹತ್ತಿದ ಹಾಗೆ. ಹೇಗೋ ಹತ್ತಿದ ಒಂದೆರಡು ಎಲೆಕ್ಟ್ರಾನ್‌ಗಳೂ ಲೋಹದ ಮಗ್ಗುಲಲ್ಲೇ ರಂಧ್ರಗಳಿಗೆ ಸಿಗುತ್ತವೆ. ಬೆಳಕಾಗಬೇಕಾದ ಶಕ್ತಿಯನ್ನು ಆ ಲೋಹವೇ ನುಂಗುತ್ತದೆ.

ಮರುವರ್ಷ ಬ್ರೌನ್ ಮತ್ತು ಹೀಗರ್ ಎಂಬ ವಿಜ್ಞಾನಿಗಳು ಪಿಪಿವಿಯದೇ ಕುಲದ, ದ್ರಾವಕದಲ್ಲಿ ಕರಗುವ ಪಾಲಿಮರ್ ಮೇಲೆ ಕ್ಯಾಥೋಡಾಗಿ ಕ್ಯಾಲ್ಸಿಯಂ ಹಾಕಿದರು. ಅದರಿಂದ ಎಲೆಕ್ಟ್ರಾನ್ ಹೊರಡಲು 2.9 ಸಾಕು. ದಕ್ಷತೆ ಶೇಕಡಾ ಒಂದರ ಹತ್ತಿರಕ್ಕೆ ಬಂತು.

ಆದರೆ ಕ್ಯಾಲ್ಸಿಯಂ ಭಾರಿ ನಾಜೂಕಿನ ಲೋಹ. ಬೆಂಗಳೂರಿನ ಜುಲೈ ಜಡಿಮಳೆಯ ಗಾಳಿಗೆ ಒಂದು ತುಂಡು ಇಟ್ಟು ನೋಡಿ, ಬೆಳ್ಳಿ ಬಣ್ಣ ಹೋಗಿ ಬೂದು ಹಿಡಿಯುತ್ತದೆ. ಹಾಗಾಗಿ ಸಾರಜನಕ ತುಂಬಿದ ಗ್ಲವ್ ಬಾಕ್ಸಿನೊಳಗೆ ದಪ್ಪ ರಬ್ಬರ್ ಕೈಗವಸು ತೊಟ್ಟೇ ಕೆಲಸ. ಅಲ್ಲಿ ಒಂದು ಸ್ಕ್ರೂ ಜಾರಿಬಿದ್ದರೆ ಹುಡುಕುವ ಕಷ್ಟ ಬೇಡ! ದೀಪಕ್ಕೆ ಸರಿಯಾಗಿ ಮುಚ್ಚಳ ಬೀಳದಿದ್ದರೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳು ಕಾಣಿಸಿಕೊಂಡು ದಿನೇದಿನೇ ಅಗಲವಾಗುತ್ತವೆ.

ನನಗೆ ಹೆಚ್ಚು ಸೋಜಿಗವೆನಿಸುವುದು ಲಿಥಿಯಂ ಫ್ಲೋರೈಡ್. ಅದು ಅಪ್ಪಟ ಅವಾಹಕ. ಆದರೂ ಅಲ್ಯೂಮಿನಿಯಂನ ಕೆಳಗೆ ಒಂದು ನ್ಯಾನೋಮೀಟರಿನಷ್ಟು ಹಾಕಿದರೆ ಎಲೆಕ್ಟ್ರಾನ್ ಸರಾಗವಾಗಿ ನುಗ್ಗುತ್ತದೆ; ಹತ್ತು ನ್ಯಾನೋಮೀಟರ್ ಹಾಕಿದಿರೋ, ಕರೆಂಟಿಗೇ ತಡೆ. ಇನ್ನೊಂದು ದಾರಿ, ಅಮೈನ್ ಎಂಬ ಸಾರಜನಕದ ಗುಂಪುಗಳಿರುವ ಪಾಲಿಮರ್. ಇದು ಆಲ್ಕೋಹಾಲಿನಲ್ಲಿ ಕರಗುತ್ತದೆ, ಕೆಳಗಿನ ಬೆಳಕಿನ ಪದರ ಕರಗುವುದಿಲ್ಲ. ಹೀಗಾಗಿ ಒಂದರ ಮೇಲೊಂದು ಬಳಿಯಬಹುದು. ಅಮೈನ್‌ಗಳು ಲೋಹದ ಅಂಚಿನಲ್ಲಿ ವಿದ್ಯುತ್ ದ್ವಿಧ್ರುವ (ಒಂದು ತುದಿ ಧನ, ಇನ್ನೊಂದು ಋಣ) ಕಟ್ಟಿ ಆ ಏರನ್ನು ತಗ್ಗಿಸುತ್ತವೆ. ಮುದ್ರಿಸುವ ದೀಪಕ್ಕೆ ನನ್ನ ಮತ ಇದಕ್ಕೇ.

ನಿಜಕ್ಕೂ ತಗ್ಗಿತೇ ಎಂದು ತಿಳಿಯಲು ಬೆಳಕೇ ಕೊಡದ ದೀಪವೊಂದನ್ನು ಮಾಡುತ್ತೇವೆ: ರಂಧ್ರಗಳನ್ನು ತಡೆದು ಎಲೆಕ್ಟ್ರಾನ್ ಕರೆಂಟನ್ನಷ್ಟೇ ಅಳೆಯುವುದು. ಕರೆಂಟು ಏರಿದರೆ ಕ್ಯಾಥೋಡ್ ಸರಿಹೋಗಿದೆ. ಏರದಿದ್ದರೆ ಕ್ಯಾಥೋಡನ್ನೇ ಬೈಯಬೇಡಿ. ಎಷ್ಟೋ ಪಾಲಿಮರ್‌ಗಳಲ್ಲಿ ಒಳಗೆ ಬಂದ ಎಲೆಕ್ಟ್ರಾನ್‌ಗಳು ದಾರಿಯಲ್ಲೇ ಸಿಕ್ಕಿಬೀಳುತ್ತವೆ. ಆ ತಕರಾರು ಪ್ಲಾಸ್ಟಿಕ್ಕಿನದು.

ನಮಸ್ಕಾರ.