ಉಣ್ಣೆಗೆ ಬೇವು: ವಾರ ಬಿಟ್ಟು ಮತ್ತೆ ಹಚ್ಚಿ

ರೈತ ಬಾಂಧವರೇ, ಹಸು ಸಾಕುವ ಅಕ್ಕ ತಂಗಿಯರೇ, ನಮಸ್ಕಾರ.

ನಿಮ್ಮ ಹಸುವಿನ ಗಂಗೆದೊಗಲನ್ನು ಒಮ್ಮೆ ಸವರಿ ನೋಡಿ. ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ನೋಡಿ. ರಕ್ತ ಹೀರುವ ಉಣ್ಣೆ ಕೈಗೆ ಸಿಗುತ್ತದೆ, ಅಲ್ವಾ?

"ಏನು ಹೊಡೆದರೂ ಸಾಯ್ತಿಲ್ಲ ಡಾಕ್ಟ್ರೇ" ಅನ್ನುತ್ತೀರಿ. ನಿಜ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಅಮಿಟ್ರಾಜ್, ಈ ಔಷಧಿಗಳೆಲ್ಲಕ್ಕೂ ಬಗ್ಗದ ಉಣ್ಣೆಗಳಿವೆ. ಒಂದೇ ಔಷಧಿಯನ್ನು ವರ್ಷಗಟ್ಟಲೆ, ಅದೂ ನೀರು ಜಾಸ್ತಿ ಬೆರೆಸಿ ಹೊಡೆದರೆ ಬಡಪಾಯಿ ಉಣ್ಣೆ ಸಾಯುತ್ತದೆ, ಗಟ್ಟಿಪಿಂಡ ಉಳಿಯುತ್ತದೆ. ಉಳಿದದ್ದೇ ಮೊಟ್ಟೆ ಇಡುತ್ತದೆ. ಮರಿಗಳೂ ಗಟ್ಟಿಪಿಂಡಗಳೇ.

ಬೇವಿನಲ್ಲಿ ಒಂದೇ ವಿಷವಿಲ್ಲ, ಹತ್ತಾರು ಸಾರಗಳಿವೆ. ಎಲ್ಲಕ್ಕೂ ಒಟ್ಟಿಗೆ ಒಗ್ಗಿಕೊಳ್ಳುವುದು ಉಣ್ಣೆಗೆ ಸುಲಭವಲ್ಲ. ಮುಖ್ಯವಾದದ್ದು ಅಜಾಡಿರಾಕ್ಟಿನ್. ಅದು ಎಲೆಗಿಂತ ಬೀಜದಲ್ಲೇ ಹೆಚ್ಚು. 50 ಗ್ರಾಂ ಒಣ ಬೀಜದ ತಿರುಳನ್ನು ಕುಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕರಗಿಸಿ ಸೇರಿಸಿ. ಸಂಜೆ ಹಚ್ಚಿ. ಬಿಸಿಲಿಗೆ ಅದರ ಶಕ್ತಿ ಹೋಗಿಬಿಡುತ್ತದೆ. ವಾರ ಬಿಟ್ಟು ಮತ್ತೆ ಹಚ್ಚಿ.

ಈ "ಮತ್ತೆ ಹಚ್ಚಿ" ಅನ್ನೋದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಒಂದು ಕತೆ ಹೇಳುತ್ತೇನೆ.

ಒಮ್ಮೆ ಒಬ್ಬ ಯಜಮಾನರು ಸಿಟ್ಟಿನಿಂದ ಬಂದು ನನ್ನ ಮೇಜಿನ ಮೇಲೆ ಡಬ್ಬಿಯೊಂದನ್ನು ಕುಕ್ಕಿದರು. ಒಳಗೆ ಹರಳು ಬೀಜದ ಹಾಗೆ ಊದಿಕೊಂಡ ಏಳೆಂಟು ಉಣ್ಣೆ. "ನಿಮ್ಮ ಬೇವು ಹಚ್ಚಿ ಮೂರು ದಿನ ಆಯ್ತು. ನೋಡಿ, ಕಾಲು ಆಡಿಸ್ತಾ ಇವೆ!" ನಾನು ವಾದ ಮಾಡಲಿಲ್ಲ. ಬೇವು ಹಚ್ಚದ ಹಸುವಿನಿಂದಲೂ ಅಷ್ಟೇ ಉಣ್ಣೆ ತರಿಸಿದೆ. ಎರಡು ಡಬ್ಬಿಗೂ ಬಟ್ಟೆ ಕಟ್ಟಿ ಕಪಾಟಿನಲ್ಲಿಟ್ಟೆ. ಮನೆಯವರು ಆ ಕಪಾಟಿನ ಹತ್ತಿರ ಸುಳಿಯಲಿಲ್ಲ, ಬಿಡಿ. ಎರಡು ವಾರದ ಮೇಲೆ ಯಜಮಾನರನ್ನು ಕರೆಸಿದೆ. ಬೇವು ತಾಗದ ಡಬ್ಬಿಯಲ್ಲಿ ಒಂದೊಂದು ಉಣ್ಣೆಯ ಮುಂದೂ ಕಂದು ಮೊಟ್ಟೆಗಳ ಗುಡ್ಡೆ. ಒಂದು ಹೆಣ್ಣು ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ! ಇವರ ಡಬ್ಬಿಯಲ್ಲಿ ಕೆಲವು ಮೊಟ್ಟೆ ಇಡದೇ ಸತ್ತಿದ್ದವು. ಉಳಿದವು ಇಟ್ಟದ್ದು ಚಿಟಿಕೆಯಷ್ಟು. ತಿಂಗಳಾಗುವಷ್ಟರಲ್ಲಿ ಬೇವು ತಾಗದ ಡಬ್ಬಿಯ ಬಟ್ಟೆಯ ಮೇಲೆಲ್ಲ ಮರಿ ಹರಿದಾಡುತ್ತಿದ್ದವು. ಇನ್ನೊಂದರಲ್ಲಿ ಮುಕ್ಕಾಲು ಪಾಲು ಮೊಟ್ಟೆ ಸುಕ್ಕಿ ಒಣಗಿತ್ತು. ಯಜಮಾನರು ಎರಡೂ ಡಬ್ಬಿ ಕೈಲಿ ಹಿಡಿದು ಸುಮ್ನೆ ಕೂತರು. ಆಮೇಲೆ ಕೇಳಿದರು: "ಮುಂದಿನ ಸಲ ಯಾವಾಗ ಹಚ್ಚಲಿ?"

ಅದೇ ಪ್ರಶ್ನೆ ನೀವೂ ಕೇಳಬೇಕು. ಬೇವು ತಕ್ಷಣ ಕೆಡವಿಹಾಕುವ ಮದ್ದಲ್ಲ. ಸಂತಾನಕ್ಕೆ ಕತ್ತರಿ ಹಾಕುತ್ತದೆ. ಹಸುಗಳಲ್ಲಿ ಹೆಚ್ಚು ಕಾಣುವ ಜಾತಿ ಮೈಮೇಲೆ ಹತ್ತಿ, ಬೆಳೆದು, ಉದುರಲು ಸುಮಾರು 3 ವಾರ ಬೇಕು. ವಾರಕ್ಕೊಮ್ಮೆ ಹಚ್ಚಿದರೆ ಮರಿಯಾಗಿದ್ದಾಗಲೋ ದೊಡ್ಡದಾದಾಗಲೋ ಎಲ್ಲಾದರೂ ಸಿಕ್ಕಿಬೀಳುತ್ತದೆ. ಒಂದೇ ಸಲ ಹಚ್ಚಿ ನನಗೆ ಬೈಯಬೇಡಿ.

ಅಯ್ಯೋ, ಕತೆಯಲ್ಲೇ ಸಮಯ ಹೋಯಿತು. ಬೇಗ ಹೇಳಿಬಿಡುತ್ತೇನೆ. ಕೊಟ್ಟಿಗೆ ಗೋಡೆಯ ಬಿರುಕು ಮುಚ್ಚಿ, ಮೊಟ್ಟೆ ಇರುವುದು ಅಲ್ಲೇ. ಸೀತಾಫಲದ ಬೀಜವೂ ಉಣ್ಣೆಗೆ ಆಗುತ್ತದೆ, ಆದರೆ ಕಣ್ಣಿಗೆ ಬಿದ್ದರೆ ಕಣ್ಣು ಕೆಡುತ್ತದೆ. ಹೊಗೆಸೊಪ್ಪಿನ ಕಷಾಯ ಬೇಡವೇ ಬೇಡ. ಅದರ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿದು ಹಸುವನ್ನೇ ಕೊಲ್ಲಬಹುದು. ಹಸುವಿಗೆ ಜ್ವರ ಬಂದು ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಉಣ್ಣೆ ತಂದ ರೋಗವಿರಬಹುದು, ಬೇವು ಅರೆಯುತ್ತಾ ಕೂರಬೇಡಿ, ಪಶುವೈದ್ಯರನ್ನು ಕರೆಯಿರಿ.

ಇವತ್ತು ಹಚ್ಚಿದರೆ ತಾರೀಖನ್ನು ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯಿರಿ. ಪಕ್ಕದಲ್ಲೇ ಏಳು ದಿನದ ಮುಂದಿನ ತಾರೀಖನ್ನೂ ಬರೆಯಿರಿ. ನಮಸ್ಕಾರ.