ದಾಳ ಉರುಳುವ ಮೊದಲು, ಉರುಳಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಮೊನ್ನೆ ಅಣ್ಣನ ಮಗಳ ಜೊತೆ, ಎರಡು ದಾಳ ಉರುಳಿಸಿ ಕಾಯಿ ನಡೆಸುವ ಬ್ಯಾಕ್‌ಗ್ಯಾಮನ್ ಆಟ ಆಡುತ್ತಿದ್ದೆ. ಅವಳ ಒಂಟಿ ಕಾಯಿ ನನ್ನ ಕಾಯಿಯಿಂದ ಸರಿಯಾಗಿ ಆರು ಮನೆ ದೂರದಲ್ಲಿತ್ತು. ನನಗೆ ಐದು-ಒಂದು ಬಿತ್ತು, ಹೊಡೆದೆ. "ದಾಳ ಕೈಕೊಟ್ಟಿತು ಅತ್ತೆ" ಅಂದವಳ ಕಣ್ಣು ತುಂಬಿತ್ತು.

ಆಟ ಅಲ್ಲೇ ನಿಲ್ಲಿಸಿ ಇಬ್ಬರೂ ಲೆಕ್ಕಕ್ಕೆ ಕೂತೆವು. ಎರಡು ದಾಳ ಉರುಳಿಸಿದರೆ ಬೀಳಬಹುದಾದ ಗರ ಒಟ್ಟು 36. ನಡುವೆ ತಡೆ ಇಲ್ಲದಿದ್ದರೆ, ಆರು ಮನೆ ದೂರದ ಒಂಟಿ ಕಾಯಿಯನ್ನು ಅದರಲ್ಲಿ 17 ಗರ ಹೊಡೆಯುತ್ತವೆ. ಅದೇ ಕಾಯಿ ಏಳು ಮನೆ ದೂರದಲ್ಲಿದ್ದರೆ? ಆರು-ಒಂದು, ಐದು-ಎರಡು, ನಾಲ್ಕು-ಮೂರು. ಹಿಂದುಮುಂದಾಗಿ ಎಣಿಸಿದರೂ 6 ಗರ, ಅಷ್ಟೇ. ಒಂದೇ ಒಂದು ಮನೆ ಸರಿದಿದ್ದರೆ ಅಪಾಯ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತಿತ್ತು. ದಾಳ ಅವಳ ಮಾತು ಕೇಳುವುದಿಲ್ಲ, ನಿಜ. ಕಾಯಿ ಕೇಳುತ್ತದಲ್ಲ!

ಆಟದಲ್ಲಿ ಅದೃಷ್ಟ ಎಷ್ಟಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಅದು ಯಾವಾಗ ಬರುತ್ತದೆ ಎಂಬುದೇ ನನಗೆ ಹೆಚ್ಚು ಮುಖ್ಯ. ಸೈನ್ಯ ಕಟ್ಟಿ ನಾಡು ಗೆಲ್ಲುವ 'ರಿಸ್ಕ್' ಎಂಬ ಬೋರ್ಡ್ ಆಟದಲ್ಲಿ ಮೊದಲು ದಾಳಿಯ ನಿರ್ಧಾರ, ಆಮೇಲೆ ದಾಳ. ದಾಳಿ ಮಾಡುವವರಿಗೆ ಹೆಚ್ಚೆಂದರೆ ಮೂರು ದಾಳ, ತಡೆಯುವವರಿಗೆ ಎರಡು, ಇಬ್ಬರಿಗೂ ಒಂದೇ ಸಂಖ್ಯೆ ಬಿದ್ದರೆ ತಡೆದವರೇ ಗೆದ್ದಂತೆ. ಎಷ್ಟೇ ಯೋಚಿಸಿ ಸೈನ್ಯ ಕೂಡಿಹಾಕಿದ್ದರೂ ಕೊನೆಯ ತೀರ್ಪು ದಾಳದ್ದು. 2011ರಲ್ಲಿ ಬಂದ, ಸ್ಟೆಫಾನ್ ಫೆಲ್ಡ್ ರೂಪಿಸಿದ 'ಕ್ಯಾಸಲ್ಸ್ ಆಫ್ ಬರ್ಗಂಡಿ' ಎಂಬ ಬೋರ್ಡ್ ಆಟದಲ್ಲಿ ಇದು ತಿರುಗುಮುರುಗು. ಮೊದಲು ದಾಳ ಉರುಳುತ್ತದೆ, ಬಿದ್ದ ಸಂಖ್ಯೆ ನೋಡಿಕೊಂಡು ಏನು ಮಾಡಬೇಕೆಂದು ನೀವು ತೀರ್ಮಾನಿಸುತ್ತೀರಿ. ಬೇಡದ ಸಂಖ್ಯೆ ಬಿತ್ತೇ? ಕೆಲಸಗಾರರ ಬಿಲ್ಲೆಯೊಂದನ್ನು ಕೊಟ್ಟು ಅದನ್ನು ಒಂದು ಹೆಚ್ಚು ಅಥವಾ ಒಂದು ಕಡಿಮೆ ಮಾಡಿಕೊಳ್ಳಬಹುದು. ಇಲ್ಲಿ ಅದೃಷ್ಟ ಪ್ರಶ್ನೆ ಕೇಳುತ್ತದೆ, ಉತ್ತರ ನಿಮ್ಮದು. ನನ್ನ ಮನಸ್ಸು ಒಲಿದಿರುವುದು ಇಂಥ ಆಟಗಳಿಗೆ.

ಹಾಗಾದರೆ ದಾಳವೇ ಇಲ್ಲದ ಚದುರಂಗವೇ ಒಳ್ಳೆಯದಲ್ಲವೇ ಎನ್ನಬಹುದು. ಚದುರಂಗದ ಮೇಲೆ ನನಗೆ ಅಪಾರ ಗೌರವ. ಆದರೆ ಅಲ್ಲಿ ಪಳಗಿದ ಕೈಯ ಎದುರು ಹೊಸಬರು ಹತ್ತಕ್ಕೆ ಹತ್ತು ಆಟ ಸೋಲುತ್ತಾರೆ. ಹನ್ನೊಂದನೆಯದಕ್ಕೆ ಕೂರುವವರು ಕಡಿಮೆ.

ಅದೃಷ್ಟದ ಆಟದಲ್ಲಿ ತಾಳ್ಮೆಯ ಲೆಕ್ಕವೂ ಬೇಕು. 1995ರ 'ಕಟಾನ್' ಬೋರ್ಡ್ ಆಟದಲ್ಲಿ, ಎರಡು ದಾಳ ಸೇರಿ ಬಿದ್ದ ಸಂಖ್ಯೆಯ ಜಾಗದ ಪಕ್ಕ ಊರು ಕಟ್ಟಿದವರಿಗೆ ಸಾಮಗ್ರಿ ಸಿಗುತ್ತದೆ. ಅಲ್ಲಿ 8 ಒಳ್ಳೆಯ ಸಂಖ್ಯೆ. 36ರಲ್ಲಿ 5 ಸಲ ಬೀಳುವಂಥದ್ದು. ಆದರೂ 20 ಸಲ ಉರುಳಿಸಿ ಒಮ್ಮೆಯೂ 8 ಬಾರದಿರುವ ಸಾಧ್ಯತೆ ನೂರಕ್ಕೆ ಸುಮಾರು ಐದು. ಆಡುತ್ತಾ ಹೋದವರಿಗೆ ಅಂಥ ದಿನ ಬಂದೇ ಬರುತ್ತದೆ. ಒಂದೇ ಸಂಖ್ಯೆಯನ್ನು ನಂಬಿ ಊರು ಕಟ್ಟಿದವರು ಅವತ್ತು ಸುಮ್ಮನೆ ಕೂರಬೇಕು.

1979ರಲ್ಲಿ ಮಾಂಟೆ ಕಾರ್ಲೋದಲ್ಲಿ ನಡೆದದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಬ್ಯಾಕ್‌ಗ್ಯಾಮನ್ ವಿಶ್ವ ಚಾಂಪಿಯನ್ ಲುಯಿಜಿ ವಿಲ್ಲಾ ಅವರನ್ನು ಹ್ಯಾನ್ಸ್ ಬರ್ಲಿನರ್ ಬರೆದ ಕಂಪ್ಯೂಟರ್ ಪ್ರೋಗ್ರಾಂ 7-1ರಿಂದ ಸೋಲಿಸಿತು. ಆಮೇಲೆ ನಡೆಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸಿದಾಗ, ಹೆಚ್ಚು ಚೆನ್ನಾಗಿ ಆಡಿದ್ದು ವಿಲ್ಲಾ ಅವರೇ ಎಂದು ಗೊತ್ತಾಯಿತು. ಗರ ಯಂತ್ರಕ್ಕೆ ಒಲಿದಿತ್ತು. ಅದನ್ನು ಮುಚ್ಚಿಡದೆ ಬರೆದವರು ಗೆದ್ದ ಪ್ರೋಗ್ರಾಂ ರೂಪಿಸಿದ ಬರ್ಲಿನರ್. ಆ ಪ್ರಾಮಾಣಿಕತೆಗೆ ಕೈ ಮುಗಿಯಬೇಕು.

ಮಾರನೆಯ ಸಂಜೆ ಹುಡುಗಿ ಮತ್ತೆ ಬೋರ್ಡ್ ಹರಡಿದಳು. ಅಂಥದೇ ಸಂದರ್ಭ ಬಂತು. ಬೆರಳಲ್ಲಿ ಎಣಿಸಿ, ಒಂಟಿ ಕಾಯಿಯನ್ನು ಏಳು ಮನೆ ದೂರಕ್ಕೆ ಇಟ್ಟಳು. ನಾನು ದಾಳ ಉರುಳಿಸಿದೆ. ನಾಲ್ಕು-ಮೂರು! ನನಗೇ ಸಂಕಟವಾಯಿತು. ಅವಳು ಮಾತ್ರ "ಆರಕ್ಕೆ ಒಂದು ಅತ್ತೆ, ಅದೇ ಬಿತ್ತು" ಅಂದು, ಏಟು ತಿಂದ ಕಾಯಿಯನ್ನು ನಡುಪಟ್ಟಿಯ ಮೇಲಿಟ್ಟು, ದಾಳಕ್ಕೆ ಕೈ ಚಾಚಿದಳು.