ಗಿಟಾರಿನೊಳಗಿನ ಸುರುಳಿ

ಕೇಳುಗರಿಗೆ ನಮಸ್ಕಾರ. ಪಂಪ್‌ಸೆಟ್ ಮೋಟರ್ ಸುಟ್ಟಾಗ ರಿವೈಂಡಿಂಗ್ ಅಂಗಡಿಗೆ ಹೋದವರು ತಾಮ್ರದ ತಂತಿ ಸುತ್ತುವುದನ್ನು ನೋಡಿರುತ್ತೀರಿ. ಎಲೆಕ್ಟ್ರಿಕ್ ಗಿಟಾರಿನಲ್ಲೂ ಅಂಥದ್ದೇ ಸುರುಳಿ ಇದೆ. ಅದೇ ಪಿಕಪ್. ತಂತಿ ಮಾತ್ರ ಕೂದಲೆಳೆಯಷ್ಟು ಸಣ್ಣ, ಸುಮಾರು 0.06 ಮಿಲಿಮೀಟರ್. ಸುತ್ತುವಾಗ ಕೈ ಕೊಂಚ ಬಿಗಿಯಾದರೂ ಪಟ್ಟಂತ ತುಂಡಾಗುತ್ತದೆ.

ಸುರುಳಿಯ ಒಳಗೆ ಅಯಸ್ಕಾಂತ. ಮೇಲೆ ಗಿಟಾರಿನ ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡುವುದು ಆಂಪ್ಲಿಫಯರ್.

ಹಾಗಾದರೆ ಸುತ್ತು ಜಾಸ್ತಿಯಾದಷ್ಟೂ ಸದ್ದು ಜೋರು, ಅಲ್ವಾ? ಹೌದು, ಆದರೆ ಒಂದು ಕೊಟ್ಟು ಒಂದು ಕಿತ್ತುಕೊಳ್ಳುವ ವ್ಯವಹಾರ ಅದು. ತಗ್ಗು ಸ್ವರದಿಂದ ಕೀರಲು ಸ್ವರದವರೆಗಿನ ಸಾಲಿನಲ್ಲಿ ಪ್ರತಿ ಪಿಕಪ್‌ಗೂ ಒಂದು ಮೆಚ್ಚಿನ ಜಾಗ ಇರುತ್ತದೆ. ಆ ಎತ್ತರದ ಸದ್ದನ್ನು ಅದು ಎದ್ದು ಕಾಣುವಂತೆ ಕೊಡುತ್ತದೆ, ಅದಕ್ಕಿಂತ ಮೇಲಿನದನ್ನು ನುಂಗಿಬಿಡುತ್ತದೆ. ಸುತ್ತು ಹೆಚ್ಚಿದಂತೆ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ಸುರುಳಿ ತಡೆಯುವ ಗುಣ, ಹೆಚ್ಚಿ ಆ ಜಾಗ ಕೆಳಗಿಳಿಯುತ್ತದೆ. ಹೊಳಪು ಹೋಗಿ ದಪ್ಪ ದನಿ ಉಳಿಯುತ್ತದೆ.

ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್ 1954ರಲ್ಲಿ ಬಂತು. ಅದರ ಪ್ರತಿ ಪಿಕಪ್‌ನಲ್ಲಿ ಒಂದೇ ಸುರುಳಿ, ಹೆಚ್ಚುಕಡಿಮೆ 8,000 ಸುತ್ತು. ದನಿ ಗಂಟೆಯ ಹಾಗೆ. ಜೊತೆಗೆ ಗುಂಯ್ ಅನ್ನುವ ಕರೆಂಟಿನ ಸದ್ದು ಉಚಿತ! ಇನ್ನೊಂದು ಗಿಟಾರ್ ಕಂಪನಿ ಗಿಬ್ಸನ್‌ನ ಎಂಜಿನಿಯರ್ ಸೆತ್ ಲವರ್ ಅದಕ್ಕೊಂದು ಮದ್ದು ಕಂಡುಕೊಂಡರು. ಅಕ್ಕಪಕ್ಕ ಎರಡು ಸುರುಳಿ ಇಟ್ಟು, ಒಂದರ ಗುಂಯ್ ಇನ್ನೊಂದರದನ್ನು ಹೊಡೆದುಹಾಕುವಂತೆ ಜೋಡಿಸಿದರು. ಅದೇ ಹಂಬಕರ್. 1957ರಲ್ಲಿ ಗಿಬ್ಸನ್ ಗಿಟಾರುಗಳಿಗೆ ಬಂತು.

ನನಗೆ ಇಷ್ಟವಾದ ಕತೆ ಇಲ್ಲಿದೆ. ಆ ಮೊದಲ ಹಂಬಕರ್‌ಗಳಲ್ಲಿ ಸುರುಳಿಗೆ 5,000 ಸುತ್ತಿನ ಲೆಕ್ಕ. ಆದರೆ ಸುತ್ತಿನ ಸಂಖ್ಯೆ ಕರಾರುವಾಕ್ಕಾಗಿ ಇರುತ್ತಿರಲಿಲ್ಲ. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಎರಡು ಸುರುಳಿ ಸರಿಸಮ ಇಲ್ಲದಿದ್ದರೆ ಗುಂಯ್ ಪೂರ್ತಿ ಸಾಯುವುದಿಲ್ಲ, ಆದರೆ ದನಿಗೆ ಸ್ವಲ್ಪ ಮೊನಚು ಬರುತ್ತದೆ. ಅಂದಿನ ಆ ಏರುಪೇರನ್ನೇ ಇವತ್ತಿನ ತಯಾರಕರು ಲೆಕ್ಕ ಹಾಕಿ ನಕಲು ಮಾಡುತ್ತಾರೆ, ದುಬಾರಿ ಬೆಲೆಗೆ ಮಾರುತ್ತಾರೆ!

ಕೈಯಲ್ಲಿ ತಂತಿ ಹಿಡಿದು ಸುತ್ತಿದ ಪಿಕಪ್‌ನದೂ ಇಂಥದ್ದೇ ಕತೆ. ಎಳೆಗಳು ಅಡ್ಡಾದಿಡ್ಡಿ ಕೂರುತ್ತವೆ, ಪದರಗಳ ನಡುವಿನ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ, ಕೊಂಚ ಕಡಿಮೆಯಾಗಿ ಆ ಮೆಚ್ಚಿನ ಜಾಗ ತುಸು ಮೇಲೇರುತ್ತದೆ. ವ್ಯತ್ಯಾಸ ಇದೆ, ಆದರೆ ಜಾಹೀರಾತಿನಲ್ಲಿ ಹೇಳುವಷ್ಟಲ್ಲ ಅನ್ನುವುದು ನನ್ನ ಅನಿಸಿಕೆ.

ಅಂಗಡಿಯವರು ಹೇಳುವ ಕಿಲೋ ಓಮ್ ಲೆಕ್ಕವನ್ನೂ, ಅಂದರೆ ಸುರುಳಿಯ ತಂತಿ ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆಯನ್ನೂ, ಸುಮ್ನೆ ನಂಬಬೇಡಿ. ಇನ್ನೂ ಸಣ್ಣ ತಂತಿ ಸುತ್ತಿದರೆ ಅಷ್ಟೇ ಸುತ್ತಿಗೆ ಓಮ್ ಏರುತ್ತದೆ, ಸದ್ದು ಏರುವುದಿಲ್ಲ. ಗಿಟಾರಿನ ದನಿ ಮಂಕು ಅನ್ನಿಸಿದರೆ ಪಿಕಪ್ ಬದಲಿಸುವ ಮೊದಲು ಕೇಬಲ್ ನೋಡಿ. ಉದ್ದ ಕೇಬಲ್ಲಿನ ಕೆಪಾಸಿಟೆನ್ಸ್ ಕೂಡ ಆ ಮೆಚ್ಚಿನ ಜಾಗವನ್ನು ಕೆಳಗೆಳೆಯುತ್ತದೆ. ಹತ್ತು ಮೀಟರಿನದು ತೆಗೆದು ಮೂರು ಮೀಟರಿನದು ಹಾಕಿ, ಒಮ್ಮೆ ನುಡಿಸಿ ನೋಡಿ. ನಮಸ್ಕಾರ.